ಸಿಕ್ಕ ಎಲುಬು ಯಾರದು? ಮನುಷ್ಯರ ಮತ್ತು ಪ್ರಾಣಿಗಳ ಎಲುಬುಗಳನ್ನು ಹೋಲಿಸಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಪ್ರಾಯೋಗಿಕ ಪರೀಕ್ಷೆಯ ಮೇಜಿನ ಮೇಲೆ ಆಡಿನ ಮುಂಗಾಲಿನ ಕೆಳಭಾಗದ ಎಲುಬನ್ನು ಹೆಸರಿಲ್ಲದೆ ಇಟ್ಟರೆ, ಧಾರವಾಡದ ನನ್ನ ವಿದ್ಯಾರ್ಥಿಗಳಲ್ಲಿ ಪ್ರತಿ ವರ್ಷವೂ ಒಬ್ಬಿಬ್ಬರು ಅದನ್ನು ‘ಮಗುವಿನ ಟಿಬಿಯಾ’ (ಮೊಣಕಾಲಿನ ಕೆಳಗಿನ ದಪ್ಪ ಎಲುಬು) ಎಂದು ಬರೆಯುತ್ತಾರೆ. ಗದಗ ಕಡೆಯ ಎರೆ ಹೊಲಗಳಲ್ಲಿ ಕೃಷಿಹೊಂಡ ತೋಡುವಾಗ ಜೆಸಿಬಿಯ ಬಕೆಟ್ಟಿಗೆ ನಾಲ್ಕು ಎಲುಬು ಬಂದರೆ ಊರವರೂ ಇದೇ ತಪ್ಪು ಮಾಡುತ್ತಾರೆ. ಸತ್ತ ಕರುವಿನ ಎಲುಬಿಗೆ ಹೆದರಿ ಕೆಲಸ ನಿಲ್ಲಿಸುತ್ತಾರೆ, ಇಲ್ಲವೇ ನಿಜವಾಗಿ ಮನುಷ್ಯರದೇ ಆದ ಎಲುಬನ್ನು ‘ಯಾವುದೋ ದನದ್ದು’ ಎಂದು ಬದುವಿನಾಚೆ ಎಸೆಯುತ್ತಾರೆ.

ಎರಡೂ ತಪ್ಪುಗಳ ಬೇರು ಒಂದೇ. ನೋಡುವವರು ಮೊದಲು ಎಲುಬಿನ ಉದ್ದವನ್ನು ನೋಡುತ್ತಾರೆ, ಆಮೇಲೆ ನಡುಭಾಗವನ್ನು ನೋಡುತ್ತಾರೆ, ತುದಿಗಳನ್ನು ಕಡೆಗೆ ನೋಡುತ್ತಾರೆ ಅಥವಾ ನೋಡುವುದೇ ಇಲ್ಲ. ಆದರೆ ಎಲುಬಿನ ನಡುಭಾಗ ಬಹುಪಾಲು ಪ್ರಾಣಿಗಳಲ್ಲಿ ಒಂದು ಕೊಳವೆ ಅಷ್ಟೇ. ಆ ಪ್ರಾಣಿ ಹೇಗೆ ನಿಲ್ಲುತ್ತಿತ್ತು, ಹೇಗೆ ನಡೆಯುತ್ತಿತ್ತು ಎಂಬುದು ಬರೆದಿರುವುದು ಕೀಲು ಕೂಡುವ ತುದಿಗಳಲ್ಲಿ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಬೇಕು. ಅಳತೆ ಮತ್ತು ಎಣಿಕೆಗಳನ್ನು ನಾನು ಬೇಕೆಂದೇ ಹಿಂದಕ್ಕೆ ತಳ್ಳಿದ್ದೇನೆ.

ಬೇಕಾಗುವ ಸಾಮಗ್ರಿ

ರಬ್ಬರ್ ಕೈಗವಸು, ಮಾಸ್ಕ್, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಹ್ಯಾಂಡ್ ಲೆನ್ಸ್, ಟಾರ್ಚ್, ಟೇಪು, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್ಸ್, ಬಿಳಿ ಬಟ್ಟೆ, ಚಿತ್ರದಲ್ಲಿ ಪಕ್ಕಕ್ಕಿಡಲು ಆರಿಂಚಿನ ಸ್ಕೇಲು, ಪೆನ್ಸಿಲ್ ಮತ್ತು ನೋಟುಬುಕ್ಕು. ಎಲುಬುಗಳನ್ನು ಇಡಲು ಕಾಗದದ ಚೀಲಗಳೇ ಇರಲಿ. ಪ್ಲಾಸ್ಟಿಕ್ ಚೀಲದೊಳಗೆ ತೇವ ಉಳಿದು ಬೂಸ್ಟು ಹಿಡಿಯುತ್ತದೆ. ರಾಸಾಯನಿಕಗಳು ಯಾವುವೂ ಬೇಕಿಲ್ಲ.

ಹಂತ 1: ಮುಟ್ಟುವ ಮೊದಲು ನಿಲ್ಲಿ

ಎಲುಬು ಹೊಲದಲ್ಲೋ ಬಾವಿಯ ಮಣ್ಣಿನಲ್ಲೋ ಮನೆಯ ಪಾಯದಲ್ಲೋ ಸಿಕ್ಕಿದ್ದರೆ ಮೊದಲ ಕೆಲಸ ಅದನ್ನು ಎತ್ತುವುದಲ್ಲ. ಇದ್ದಲ್ಲೇ, ಸ್ಕೇಲು ಪಕ್ಕಕ್ಕಿಟ್ಟು, ಮೇಲಿನಿಂದ ಒಂದು ಮತ್ತು ಬದಿಯಿಂದ ಒಂದು ಚಿತ್ರ ತೆಗೆಯುವುದು. ಸುತ್ತ ಬಟ್ಟೆಯ ಚೂರು, ಗುಂಡಿ, ಬಳೆ, ಕೂದಲು ಅಥವಾ ಸಿಮೆಂಟು ತುಂಬಿಸಿದ ಹಲ್ಲು ಕಂಡರೆ ಅಲ್ಲಿಗೇ ನಿಲ್ಲಬೇಕು. ಗದ್ದವಿರುವ ದವಡೆ ಅಥವಾ ದುಂಡನೆಯ ಬುರುಡೆ ಕಂಡರೂ ಅಷ್ಟೇ. ಅಲ್ಲಿಂದ ಮುಂದೆ ಗುರುತಿಸುವ ಕೆಲಸ ನಿಮ್ಮದಲ್ಲ. 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿ, ಅವರು ಬರುವವರೆಗೆ ಯಾರೂ ತುಳಿಯದಂತೆ ನೋಡಿಕೊಳ್ಳಿ.

ಹಾಗೆಂದು ಮನುಷ್ಯರ ಎಲುಬು ಸಿಕ್ಕ ಕಡೆಯಲ್ಲೆಲ್ಲ ಅಪರಾಧ ನಡೆದಿದೆ ಎಂದುಕೊಳ್ಳಬೇಕಾಗಿಲ್ಲ. ನಮ್ಮ ಭಾಗದಲ್ಲಿ ಹೂಳುವ ರೂಢಿ ಅನೇಕ ಮನೆತನಗಳಲ್ಲಿದೆ, ಸ್ವಂತ ಹೊಲದ ಮೂಲೆಯಲ್ಲೇ ಹಿರಿಯರ ಸಮಾಧಿ ಇರುವುದೂ ಉಂಟು, ಕೂರಿಸಿ ಹೂಳಿದ ದೇಹದ ಎಲುಬುಗಳು ಒಂದರ ಮೇಲೊಂದು ಕುಸಿದಿರುತ್ತವೆ. ಹೊಲದ ಹಿಂದಿನ ಒಡೆಯರನ್ನು ಕೇಳಿ ಈ ಮಾಹಿತಿಯನ್ನೂ ಬರೆದಿಟ್ಟುಕೊಂಡರೆ ಮುಂದೆ ಬರುವವರಿಗೆ ಉಪಯೋಗವಾಗುತ್ತದೆ.

ಎರಡನೆಯ ಎಚ್ಚರಿಕೆ ರೋಗದ್ದು. ದನ ಅಥವಾ ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗು ಅಥವಾ ಗುದದಿಂದ ಕಪ್ಪು ರಕ್ತ ಸುರಿದಿತ್ತೆಂದು ಯಾರಾದರೂ ಹೇಳಿದರೆ ಆ ಜಾಗದ ಎಲುಬನ್ನು ಮುಟ್ಟಲೇಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿರಬಹುದು. ಅದರ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತವೆ. ಪಶುವೈದ್ಯರಿಗೆ ತಿಳಿಸುವುದೊಂದೇ ದಾರಿ.

ಮೂರನೆಯದು ಕಾನೂನು. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತಮುತ್ತಲಿನ ಹೊಲಗಳಲ್ಲಿ ಕೃಷ್ಣಮೃಗದ ಕೊಂಬು ಎಲುಬುಗಳು, ಬಂಕಾಪುರದ ಕಡೆ ನವಿಲಿನ ಎಲುಬುಗಳು ಸಿಗುವ ಸಾಧ್ಯತೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವನ್ನು ಮನೆಗೋ ಪ್ರಯೋಗಾಲಯಕ್ಕೋ ತರುವುದು ಅಪರಾಧ. ಚಿತ್ರ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ.

ಹಂತ 2: ಹೋಲಿಸಲು ಒಂದು ಜೊತೆ ಸಿದ್ಧಮಾಡಿಕೊಳ್ಳಿ

ಈ ಹಂತವನ್ನು ಬಿಟ್ಟವರೇ ಹೆಚ್ಚು ಎಡವುತ್ತಾರೆ. ಪುಸ್ತಕದ ಚಿತ್ರ ನೋಡಿ ಎಲುಬು ಕಲಿಯಲು ಆಗುವುದಿಲ್ಲ, ಏಕೆಂದರೆ ಚಿತ್ರದಲ್ಲಿ ಎಲುಬು ಯಾವಾಗಲೂ ಒಂದೇ ಬದಿಯಿಂದ ಕಾಣುತ್ತದೆ, ಕೈಯಲ್ಲಿ ಹಿಡಿದಾಗ ಹತ್ತು ಬದಿಯಿಂದ ಕಾಣುತ್ತದೆ. ಮಟನ್ ಅಂಗಡಿಯಿಂದ ಆಡಿನ ಒಂದು ಮುಂಗಾಲು, ಒಂದು ಹಿಂಗಾಲು ಮತ್ತು ಒಂದು ತಲೆ ತನ್ನಿ. ಕಾಲನ್ನು ಹೆಗಲಿನಿಂದ ಗೊರಸಿನವರೆಗೆ ಇಡಿಯಾಗಿ, ಸುಡದೆ, ಕತ್ತರಿಸದೆ ಕೊಡಬೇಕೆಂದು ಮುಂಚೆಯೇ ಹೇಳಿಡಬೇಕು. ಸೂಪಿಗೆಂದು ಮಾರುವ ಕಾಲುಗಳಲ್ಲಿ ಕೆಳಗಿನ ಅರ್ಧ ಮಾತ್ರ ಇರುತ್ತದೆ, ಅದೂ ಕೂದಲು ತೆಗೆಯಲು ಸುಟ್ಟಿರುತ್ತದೆ.

ಮಾಂಸವನ್ನು ಚಾಕುವಿನಿಂದ ಸಾಧ್ಯವಾದಷ್ಟು ಬಿಡಿಸಿ, ಮುಚ್ಚಳವಿರುವ ಬಕೆಟ್ಟಿನಲ್ಲಿ ನೀರು ಮತ್ತು ಒಂದು ಹಿಡಿ ಬಟ್ಟೆ ತೊಳೆಯುವ ಪುಡಿ ಹಾಕಿ ಮುಳುಗಿಸಿಡಿ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ನೀರು ಬದಲಿಸಿದರೆ ನಮ್ಮ ಬೇಸಿಗೆಯಲ್ಲಿ ಎರಡು ಮೂರು ವಾರಗಳಲ್ಲಿ ಎಲುಬು ಬಿಡಿಯಾಗುತ್ತದೆ. ವಾಸನೆ ಬರುತ್ತದೆ, ಬಕೆಟ್ಟನ್ನು ಮನೆಯ ಹಿತ್ತಲಿನ ಕೊನೆಯಲ್ಲಿಡಿ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಎಳೆಯ ಆಡು, ಹಾಗಾಗಿ ಎಲುಬಿನ ತುದಿಗಳು ಕಳಚಿ ಬಕೆಟ್ಟಿನ ತಳ ಸೇರುತ್ತವೆ. ನೀರು ಚೆಲ್ಲುವಾಗ ಜರಡಿ ಹಿಡಿಯದಿದ್ದರೆ ಕಲಿಯಬೇಕಾದ ಭಾಗವೇ ಗಟಾರಕ್ಕೆ ಹೋಗುತ್ತದೆ.

ಅವಸರದಲ್ಲಿ ಕುಕ್ಕರಿನಲ್ಲಿ ಬೇಯಿಸಬೇಡಿ, ಬ್ಲೀಚಿಂಗ್ ಪುಡಿ ಹಾಕಬೇಡಿ. ಕುಕ್ಕರಿನಲ್ಲಿ ಕೊಬ್ಬು ಎಲುಬಿನೊಳಗೆ ಇಂಗಿ ವರ್ಷಗಟ್ಟಲೆ ಜಿಡ್ಡು ಬಿಡುತ್ತದೆ. ಬ್ಲೀಚಿಂಗ್ ಪುಡಿ ಮೇಲ್ಮೈಯನ್ನು ತಿಂದು ಎಲುಬನ್ನು ಸೀಮೆಸುಣ್ಣದಂತೆ ಮಾಡುತ್ತದೆ. ಬಿಳಿಯಾಗಲೇಬೇಕೆಂದಿದ್ದರೆ ಔಷಧಿ ಅಂಗಡಿಯ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಒಂದು ದಿನ ಇಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ. ಏಪ್ರಿಲ್ ಬಿಸಿಲಿನಲ್ಲಿಟ್ಟರೆ ಹಲ್ಲುಗಳು ಸೀಳುತ್ತವೆ.

ಹಂತ 3: ಆಡಿನ ಕಾಲನ್ನು ನಿಮ್ಮ ಮೈಮೇಲೆ ಓದಿ

ಒಣಗಿದ ಎಲುಬುಗಳನ್ನು ಬಿಳಿ ಬಟ್ಟೆಯ ಮೇಲೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಜೋಡಿಸಿ. ಈಗ ನಿಮ್ಮ ಅಂಗೈಯನ್ನು ಮೇಜಿನ ಮೇಲೆ ಊರಿ, ನಿಧಾನವಾಗಿ ಅಂಗೈ ಎತ್ತಿ, ನಡುಬೆರಳು ಮತ್ತು ಉಂಗುರ ಬೆರಳಿನ ಉಗುರಿನ ತುದಿಯ ಮೇಲೆ ಮಾತ್ರ ಕೈ ನಿಲ್ಲಿಸಿ. ಆಡು, ಕುರಿ, ದನಗಳು ಜೀವನಪೂರ್ತಿ ನಿಲ್ಲುವುದು ಹೀಗೆಯೇ. ಗೊರಸು ಎಂದರೆ ಆ ಎರಡು ಬೆರಳುಗಳ ಉಗುರು; ಹಿಂಭಾಗದಲ್ಲಿ ಜೋತಾಡುವ ಎರಡು ಚಿಕ್ಕ ಗೊರಸುಗಳು ತೋರುಬೆರಳು ಮತ್ತು ಕಿರುಬೆರಳುಗಳ ಅವಶೇಷ; ಹೆಬ್ಬೆರಳು ಇಲ್ಲವೇ ಇಲ್ಲ.

ಹಾಗಾದರೆ ನಾವು ಆಡಿನ ‘ಮುಂಗಾಲಿನ ಮಂಡಿ’ ಎಂದು ಕರೆಯುವುದು ಯಾವುದು? ಅದು ಮಣಿಕಟ್ಟು. ಅದರ ಕೆಳಗಿನ ಉದ್ದನೆಯ ಎಲುಬು ಅಂಗೈಯ ಮೂರನೆಯ ಮತ್ತು ನಾಲ್ಕನೆಯ ಎಲುಬುಗಳು ಒಂದಾಗಿ ಬೆಸೆದು ಆದದ್ದು. ಪಶುವೈದ್ಯರು ಇದನ್ನು ಕ್ಯಾನನ್ ಎಲುಬು ಎನ್ನುತ್ತಾರೆ. ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ ಕೀಲು ಮಂಡಿಯಲ್ಲ, ಹಿಮ್ಮಡಿ. ನಿಜವಾದ ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಯ ಅಂಚಿನಲ್ಲಿ, ಚರ್ಮದೊಳಗೆ ಅಡಗಿದೆ. ‘ಆಡಿನ ಮಂಡಿ ಹಿಂದಕ್ಕೆ ಬಾಗುತ್ತದೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆದವರೆಲ್ಲ ಹಿಮ್ಮಡಿಯನ್ನೇ ಮಂಡಿ ಎಂದುಕೊಂಡವರು.

ಕ್ಯಾನನ್ ಎಲುಬನ್ನು ಕೈಗೆತ್ತಿಕೊಂಡು ಕೆಳತುದಿಯನ್ನು ನೋಡಿ: ಎರಡು ಪುಟ್ಟ ರಾಟೆಗಳನ್ನು ಪಕ್ಕಪಕ್ಕ ಇಟ್ಟಂತಿದೆ, ನಡುವೆ ಆಳವಾದ ಕಚ್ಚು ಇದೆ. ಮುಂಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಹೆಬ್ಬೆರಳಿನ ಉಗುರಿಗೆ ಸಿಗುತ್ತದೆ. ಎರಡು ಎಲುಬು ಸೇರಿದ ಹೊಲಿಗೆಯ ಗುರುತು ಅದು. ಮನುಷ್ಯನ ದೇಹದಲ್ಲಿ ಇಂಥ ಜೋಡಿ ರಾಟೆಯ ಉದ್ದೆಲುಬು ಎಲ್ಲಿಯೂ ಇಲ್ಲ. ನಮ್ಮ ಹೊಲಗಳಲ್ಲಿ ಸಿಗುವ, ಮಗುವಿನದೆಂದು ಹೆದರಿಸುವ ಎಲುಬುಗಳಲ್ಲಿ ಹೆಚ್ಚಿನವು ಇದೇ ಎಲುಬು ಎಂಬುದು ನನ್ನ ಅನುಭವ. ಇದೊಂದನ್ನು ಸರಿಯಾಗಿ ಕಲಿತರೆ ಅರ್ಧ ತಪ್ಪುಗಳು ನಿಲ್ಲುತ್ತವೆ. ಕುದುರೆ ಮತ್ತು ಕತ್ತೆಗಳಲ್ಲಿ ಅಲ್ಲಿ ಒಂದೇ ರಾಟೆ ಇರುತ್ತದೆ, ಏಕೆಂದರೆ ಅವು ನಿಲ್ಲುವುದು ನಡುಬೆರಳೊಂದರ ಮೇಲೆ. ಹಂದಿಯಲ್ಲಿ ಬೆಸೆಯದ ನಾಲ್ಕು ಬಿಡಿ ಎಲುಬುಗಳಿರುತ್ತವೆ.

ಹಂತ 4: ಇದು ಎಲುಬು ಹೌದೇ ನೋಡಿ

ಎರೆ ಮಣ್ಣಿನಲ್ಲಿ ಸಿಗುವ ಸುಣ್ಣದ ಹರಳುಗಳು ಬೆರಳಿನ ಎಲುಬಿನಂತೆಯೇ ಕಾಣುತ್ತವೆ. ಮುರಿದ ಅಂಚನ್ನು ಲೆನ್ಸ್‌ನಿಂದ ನೋಡಿ. ಹೊರಗೆ ಗಟ್ಟಿ ಪದರ, ಒಳಗೆ ಬ್ರೆಡ್ಡಿನಂತೆ ರಂಧ್ರಗಳ ಜಾಲ ಅಥವಾ ಪೊಳ್ಳು ಇದ್ದರೆ ಎಲುಬು, ಒಳಗೂ ಹೊರಗೂ ಒಂದೇ ತೆರನಾಗಿದ್ದರೆ ಕಲ್ಲು. ನಾಲಿಗೆಗೆ ತಾಗಿಸಿ ಅಂಟುತ್ತದೆಯೇ ಎಂದು ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಕೈಬಿಡಿ.

ಬಣ್ಣವನ್ನು ನಂಬಬೇಡಿ. ಎರೆ ಮಣ್ಣಿನಲ್ಲಿದ್ದ ಎಲುಬು ಕಪ್ಪಾಗುತ್ತದೆ, ಮಸಾರಿ ಮಣ್ಣಿನಲ್ಲಿದ್ದದ್ದು ಕೆಂಪಾಗುತ್ತದೆ. ಬಣ್ಣ ಮಣ್ಣಿನ ಗುಣವನ್ನು ಹೇಳುತ್ತದೆಯೇ ಹೊರತು ಎಲುಬಿನ ವಯಸ್ಸನ್ನಲ್ಲ. ಆಳವೂ ಅಷ್ಟೇ: ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ ಮೇಲಿನ ವಸ್ತು ಬಿರುಕಿನಲ್ಲಿ ಕೆಳಗಿಳಿಯುತ್ತದೆ.

ಹಂತ 5: ತುದಿಗಳು ಬೆಸೆದಿವೆಯೇ ಪರೀಕ್ಷಿಸಿ

ಬೆಳೆಯುವ ವಯಸ್ಸಿನಲ್ಲಿ ಉದ್ದೆಲುಬಿನ ಎರಡು ತುದಿಗಳು ಬೇರೆ ತುಂಡುಗಳಾಗಿದ್ದು ನಡುವೆ ಮೃದ್ವಸ್ಥಿಯ ಪದರವಿರುತ್ತದೆ. ಬೆಳವಣಿಗೆ ಮುಗಿದಾಗ ಅವು ಬೆಸೆಯುತ್ತವೆ. ನವಜಾತ ಶಿಶುವಿನಲ್ಲಿ ಸುಮಾರು 270 ಎಲುಬುಗಳು ಇದ್ದು ವಯಸ್ಕರಲ್ಲಿ 206 ಆಗುವುದು ಹೀಗೆ ತುಂಡುಗಳು ಕೂಡುವುದರಿಂದಲೇ. ಮನುಷ್ಯರಲ್ಲಿ ಈ ಬೆಸುಗೆ ನಿಧಾನ. ಕೈಕಾಲುಗಳಲ್ಲಿ ಹದಿಹರೆಯದ ಕೊನೆಯವರೆಗೆ ನಡೆಯುತ್ತದೆ, ಕೊರಳೆಲುಬಿನ (ಕಾಲರ್ ಬೋನ್) ಎದೆಯ ಕಡೆಯ ತುದಿಯಂತೂ 25ರಿಂದ 30 ವರ್ಷದ ಹೊತ್ತಿಗೆ ಕೂಡುತ್ತದೆ. ಆಡು ಕುರಿಗಳಲ್ಲಿ ಇಡೀ ಕೆಲಸ ಮೂರು ನಾಲ್ಕು ವರ್ಷದೊಳಗೆ ಮುಗಿಯುತ್ತದೆ.

ಇದರಿಂದ ಸಿಗುವ ನಿಯಮ ಬಹಳ ಉಪಯುಕ್ತ. ಎಲುಬು ಚಿಕ್ಕದಾಗಿದ್ದು ಎರಡೂ ತುದಿಗಳು ಗಟ್ಟಿಯಾಗಿ ಬೆಸೆದಿದ್ದರೆ ಅದು ಮಗುವಿನದಾಗಲು ಸಾಧ್ಯವಿಲ್ಲ, ಬೆಳೆದ ಚಿಕ್ಕ ಪ್ರಾಣಿಯದು. ಎಲುಬು ಚಿಕ್ಕದಾಗಿದ್ದು ತುದಿ ಕಳಚಿದ್ದರೆ, ಕಳಚಿದ ಕಡೆ ಉಬ್ಬುತಗ್ಗಿನ ಒರಟು ಮೈ ಕಂಡರೆ, ಮಗುವೂ ಆಗಿರಬಹುದು, ಮರಿಯೂ ಆಗಿರಬಹುದು. ಅಲ್ಲಿ ಅವಸರ ಬೇಡ.

ನಾನೇ ಅವಸರ ಮಾಡಿದ್ದುಂಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಊರಿನಿಂದ ಒಬ್ಬರು ಗೋಣಿಚೀಲದಲ್ಲಿ ತಂದ, ಎರಡೂ ತುದಿ ಕಳಚಿದ ತೊಡೆಯೆಲುಬೊಂದನ್ನು ಮಗುವಿನದೆಂದು ಹೇಳಿ ಒಂದು ಇಡೀ ಸಂಜೆ ಆ ಮನೆಯವರ ನೆಮ್ಮದಿ ಕೆಡಿಸಿದೆ. ಮರುದಿನ ಚೀಲವನ್ನು ಬೋರಲು ಹಾಕಿ ಕೊಡವಿದಾಗ ಎರಡು ಗೊರಸೆಲುಬುಗಳು ಬಿದ್ದವು. ಅದು ಕರು. ಅಂದಿನಿಂದ ಚೀಲದ ತಳ ನೋಡದೆ ನಾನು ಬಾಯಿ ತೆರೆಯುವುದಿಲ್ಲ.

ಹಂತ 6: ಉದ್ದೆಲುಬುಗಳನ್ನು ಒಂದೊಂದಾಗಿ ಹೋಲಿಸಿ

ತೊಡೆಯೆಲುಬಿನಿಂದ ಆರಂಭಿಸಿ, ಏಕೆಂದರೆ ಎರಡು ಕಾಲಿನ ಮೇಲೆ ನಿಲ್ಲುವುದರ ಗುರುತು ಅದರಲ್ಲೇ ಹೆಚ್ಚು. ಮನುಷ್ಯನ ಫೀಮರ್‌ನ ತಲೆ ಚೆಂಡಿನಂತೆ ದುಂಡು, ಕತ್ತು ಉದ್ದ, ಹೊರಬದಿಯ ಗುಬ್ಬಿ ತಲೆಗಿಂತ ಕೆಳಗೇ ನಿಲ್ಲುತ್ತದೆ. ದನ ಕುದುರೆಗಳಲ್ಲಿ ಕತ್ತು ಮೋಟು, ಹೊರಬದಿಯ ಗುಬ್ಬಿ ತಲೆಯನ್ನೂ ಮೀರಿ ಮೇಲೇಳುತ್ತದೆ. ಈಗ ಕೆಳಗಿನ ಎರಡು ಉಬ್ಬುಗಳನ್ನು ಮೇಜಿನ ಮೇಲೆ ಸಮನಾಗಿ ಊರಿ ಎಲುಬನ್ನು ನಿಲ್ಲಿಸಿ. ಮನುಷ್ಯನದಾದರೆ ಕಾಂಡ ಹೊರಕ್ಕೆ ವಾಲುತ್ತದೆ, ಏಕೆಂದರೆ ನಮ್ಮ ಸೊಂಟ ಅಗಲ, ಮಂಡಿಗಳು ಹತ್ತಿರ. ನಾಲ್ಕು ಕಾಲಿನವುಗಳಲ್ಲಿ ಕಾಂಡ ಬಹುತೇಕ ನೆಟ್ಟಗೆ ನಿಲ್ಲುತ್ತದೆ. ಹಿಂಭಾಗದಲ್ಲಿ ಉದ್ದಕ್ಕೂ ಎದ್ದು ನಿಂತ ಒಂದೇ ಏಣು ಬೆರಳಿಗೆ ಸಿಕ್ಕರೆ ಮನುಷ್ಯನ ಕಡೆಗೆ ತೂಗಿ; ದನ ಕುದುರೆಗಳಲ್ಲಿ ಹಿಂಭಾಗದ ಕೆಳಗಡೆ ಒಂದು ಕುಳಿ ಇರುತ್ತದೆ.

ಉದ್ದವನ್ನು ಅಳೆಯಬೇಕೆಂದರೆ ಈಗ ಅಳೆಯಿರಿ. ಮನುಷ್ಯರಲ್ಲಿ ಫೀಮರ್ ದೇಹದ ಎತ್ತರದ ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ತೋಳಿನಷ್ಟು ದಪ್ಪವಾಗಿದ್ದು ಉದ್ದ ಮಾತ್ರ ಒಂದಡಿ ಚಿಲ್ಲರೆ ಇದ್ದರೆ ಅದು ದನದ್ದೇ ಸರಿ.

ಮುಂದೆ ಮುಂಗೈ. ನಿಮ್ಮ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ: ಅದು ಸಾಧ್ಯವಾಗುವುದು ಮುಂಗೈಯ ಎರಡು ಎಲುಬುಗಳಾದ ರೇಡಿಯಸ್ ಮತ್ತು ಅಲ್ನಾ ಬೇರೆ ಬೇರೆಯಾಗಿರುವುದರಿಂದ. ದನ ಕುದುರೆಗಳಲ್ಲಿ ಅವು ಬೆಸೆದಿವೆ, ನಡುವೆ ಒಂದು ಸಂದು ಮಾತ್ರ ಉಳಿದಿದೆ, ಮೊಣಕೈಯ ಹಿಂದಿನ ಮೊನೆ ಉದ್ದವಾಗಿ ಚಾಚಿದೆ. ನಾಯಿಯಲ್ಲಿ ಎರಡೂ ಬಿಡಿಯಾಗಿಯೇ ಇರುತ್ತವೆ, ಆದ್ದರಿಂದ ‘ಬಿಡಿಯಾಗಿವೆ, ಹಾಗಾಗಿ ಮನುಷ್ಯ’ ಎಂದು ಬರೆಯಬೇಡಿ. ನಾಯಿಯ ತೋಳೆಲುಬಿನಲ್ಲಿ ಮೊಣಕೈಗಿಂತ ಸ್ವಲ್ಪ ಮೇಲೆ ಆರಪಾರವಾಗಿ ಕಾಣುವ ತೂತಿರುತ್ತದೆ. ಕೆಲವು ಮನುಷ್ಯರಲ್ಲಿಯೂ ಈ ತೂತು ಇರುವುದರಿಂದ ಅದರ ಜೊತೆಗೆ ತುದಿಯನ್ನೂ ನೋಡಬೇಕು: ಮನುಷ್ಯನ ತೋಳೆಲುಬಿನ (ಹ್ಯೂಮರಸ್) ಕೆಳತುದಿಯಲ್ಲಿ ಒಂದು ದಾರದುಂಡೆಯಂಥ ರಾಟೆ ಮತ್ತು ಅದರ ಪಕ್ಕದಲ್ಲಿ ಗೋಲಿಯಂಥ ಉಬ್ಬು ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತವೆ. ಆಡಿನಲ್ಲಿ ಅಷ್ಟೂ ಸೇರಿ ಒಂದೇ ಉರುಳೆ.

ಮೊಣಕಾಲಿನ ಕೆಳಗೆ ಮನುಷ್ಯನಲ್ಲಿ ಟಿಬಿಯಾದ ಉದ್ದಕ್ಕೂ ತೆಳ್ಳನೆಯ ಫಿಬುಲಾ ಇದೆ. ಆಡು ದನಗಳಲ್ಲಿ ಫಿಬುಲಾ ಬಹುತೇಕ ಮಾಯವಾಗಿ ಹಿಮ್ಮಡಿಯ ಬಳಿ ಕಡಲೆಕಾಳಿನಂಥ ತುಂಡೊಂದು ಉಳಿದಿರುತ್ತದೆ. ಆಡಿನ ಟಿಬಿಯಾದ ಕೆಳತುದಿಯಲ್ಲಿ ಎರಡು ಸಮಾನಾಂತರ ಗಾಡಿಜಾಡಿನಂಥ ತಗ್ಗುಗಳಿವೆ. ಅವುಗಳಲ್ಲಿ ಕೂರುವ ಚಿಕ್ಕ ಎಲುಬು ಮೇಲೂ ಕೆಳಗೂ ರಾಟೆಯಂತಿದೆ. ಮನುಷ್ಯನ ಅದೇ ಎಲುಬಿನಲ್ಲಿ ಒಂದು ಕಡೆ ರಾಟೆ, ಇನ್ನೊಂದು ಕಡೆ ಚೆಂಡು. ಈ ಒಂದು ಚಿಕ್ಕ ಎಲುಬು ಸಿಕ್ಕರೆ ಗುರುತಿಸುವುದು ಬಹಳ ಸುಲಭವಾಗುತ್ತದೆ.

ಕೊರಳೆಲುಬು ಆಡು, ಕುರಿ, ದನ, ಕುದುರೆ, ಹಂದಿಗಳಲ್ಲಿ ಇಲ್ಲ. ನಾಯಿಯಲ್ಲಿ ಹೆಸರಿಗಷ್ಟೇ ಇದೆ. ‘ಎಸ್’ ಅಕ್ಷರದಂತೆ ಎರಡು ಕಡೆ ಬಾಗಿದ ಎಲುಬು ಕಂಡರೆ ಮೊದಲ ಹಂತಕ್ಕೆ ಮರಳಿ, ಮುಟ್ಟುವುದನ್ನು ನಿಲ್ಲಿಸಿ. ಇದಕ್ಕೆ ವಿರುದ್ಧವಾಗಿ, ಗಂಡು ನಾಯಿಯ ಶಿಶ್ನದಲ್ಲಿ ಅಡಿಯಲ್ಲಿ ಕಾಲುವೆಯಿರುವ ಉದ್ದನೆಯ ಎಲುಬೊಂದು ಇರುತ್ತದೆ. ಮನುಷ್ಯನಲ್ಲಿ ಅದಕ್ಕೆ ಜೋಡಿಯೇ ಇಲ್ಲ. ಹೆಸರಿಡಲಾಗದ ಎಲುಬೊಂದನ್ನು ಹಿಡಿದು ತಲೆಕೆಡಿಸಿಕೊಂಡ ವಿದ್ಯಾರ್ಥಿಗಳ ಕೈಯಲ್ಲಿ ಹಲವು ಸಲ ಇರುವುದು ಇದೇ.

ಹಂತ 7: ಬುರುಡೆ ಮತ್ತು ಹಲ್ಲು

ಬುರುಡೆಯನ್ನು ತಿರುವಿ ಹಿಡಿದು ಬೆನ್ನುಹುರಿ ಹೊರಬರುವ ದೊಡ್ಡ ತೂತು ಎಲ್ಲಿದೆ ನೋಡಿ. ಮನುಷ್ಯನಲ್ಲಿ ಅದು ಬುರುಡೆಯ ಅಡಿಯಲ್ಲಿದೆ, ಏಕೆಂದರೆ ತಲೆ ಬೆನ್ನೆಲುಬಿನ ಮೇಲೆ ಕೊಡದಂತೆ ಕೂತಿದೆ. ದನ ನಾಯಿಗಳಲ್ಲಿ ಹಿಂಭಾಗದಲ್ಲಿದೆ, ಏಕೆಂದರೆ ತಲೆ ಮುಂದಕ್ಕೆ ಜೋತಿದೆ. ಮನುಷ್ಯನಲ್ಲಿ ಮಿದುಳಿನ ಕೋಶ ದೊಡ್ಡದು, ಮುಖ ಅದರ ಕೆಳಗೆ ಅಡಗಿದೆ. ಪ್ರಾಣಿಗಳಲ್ಲಿ ಮುಖ ಮುಂದೆ ಚಾಚಿದೆ. ಗದ್ದದ ಮುಂದಿನ ಉಬ್ಬು ಮನುಷ್ಯನಿಗೆ ಮಾತ್ರ ಇದೆ. ಆಮೆಯ ಚಿಪ್ಪಿನ ತುಂಡುಗಳು ಬುರುಡೆಯ ತುಂಡುಗಳಂತೆ ಕಾಣುತ್ತವೆ, ಹೊಲಿಗೆಯ ಗೆರೆಯೂ ಇರುತ್ತದೆ. ಆದರೆ ಒಳಮೈಯಲ್ಲಿ ರಕ್ತನಾಳಗಳು ಕೊರೆದ ಕವಲು ಗೀರುಗಳು ಇರುವುದಿಲ್ಲ.

ಹಲ್ಲಿನ ಎಣಿಕೆ ದೊಡ್ಡ ಬಲೆ. ವಯಸ್ಕ ಮನುಷ್ಯನಿಗೆ 32 ಹಲ್ಲು. ದನ, ಆಡು, ಕುರಿಗಳಿಗೂ 32! ಎಣಿಸಿ ‘ಮನುಷ್ಯ’ ಎಂದು ಬರೆದವರು ಜೋಡಣೆಯನ್ನು ನೋಡಲಿಲ್ಲ ಅಷ್ಟೇ. ಮನುಷ್ಯನ ಪ್ರತಿ ಕಾಲುಭಾಗದಲ್ಲಿ ಎರಡು ಬಾಚಿ, ಒಂದು ಕೋರೆ, ಎರಡು ಮುಂದವಡೆ, ಮೂರು ದವಡೆ ಹಲ್ಲುಗಳು ಸಾಲುಬಿಡದೆ ಕೂತಿರುತ್ತವೆ. ಮೆಲುಕು ಹಾಕುವ ಪ್ರಾಣಿಗಳ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ದೊಡ್ಡ ಬಯಲು ಇದೆ, ದವಡೆ ಹಲ್ಲಿನ ಮೇಲ್ಮೈಯಲ್ಲಿ ಅರ್ಧಚಂದ್ರಾಕಾರದ ಗೆರೆಗಳಿವೆ. ನಾಯಿಗೆ 42, ಹಂದಿಗೆ 44.

ಬಿಡಿ ಹಲ್ಲು ಸಿಕ್ಕಾಗ ಹಂದಿಯನ್ನು ಮೊದಲು ನೆನೆಯಬೇಕು. ಹುಬ್ಬಳ್ಳಿಯ ಓಣಿಗಳಲ್ಲಿ ಅದಕ್ಕೆ ಬರವಿಲ್ಲ. ಎಲ್ಲವನ್ನೂ ತಿನ್ನುವ ಪ್ರಾಣಿಯಾದ್ದರಿಂದ ಅದರ ದವಡೆ ಹಲ್ಲು ನಮ್ಮದರಂತೆಯೇ ಗುಬ್ಬಿಗುಬ್ಬಿಯಾಗಿರುತ್ತದೆ, ಸವೆದರೆ ಇನ್ನೂ ಹತ್ತಿರವಾಗುತ್ತದೆ. 1922ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಕ್ಕ ಒಂದು ಹಲ್ಲಿನ ಆಧಾರದ ಮೇಲೆ ಹೊಸ ವಾನರ ಜಾತಿಯನ್ನೇ ಘೋಷಿಸಿ, 1927ರಲ್ಲಿ ಅದು ಹಂದಿಯನ್ನು ಹೋಲುವ ಪೆಕ್ಕರಿ ಎಂಬ ಪ್ರಾಣಿಯದೆಂದು ಹಿಂದೆಗೆದುಕೊಳ್ಳಬೇಕಾಯಿತು. ಹಂದಿಯ ಹಲ್ಲಿನಲ್ಲಿ ದೊಡ್ಡ ಗುಬ್ಬಿಗಳ ನಡುವೆ ಸಣ್ಣ ಸಣ್ಣ ಹೆಚ್ಚುವರಿ ಗುಬ್ಬಿಗಳಿರುತ್ತವೆ, ಕೊನೆಯ ಹಲ್ಲು ಹಿಂದಕ್ಕೆ ಉದ್ದವಾಗಿರುತ್ತದೆ. ಮನುಷ್ಯನ ಕೊನೆಯ ಹಲ್ಲು ಸಾಮಾನ್ಯವಾಗಿ ಚಿಕ್ಕದು.

ಹಂತ 8: ಬೆನ್ನು, ಪಕ್ಕೆ, ಸೊಂಟ

ಕುತ್ತಿಗೆಯ ಮಣಿಗಳನ್ನು ಎಣಿಸಿ ಪ್ರಯೋಜನವಿಲ್ಲ: ಮನುಷ್ಯ, ಇಲಿ, ಆಡು, ಜಿರಾಫೆ, ಎಲ್ಲರಿಗೂ ಏಳೇ. ಎಣಿಕೆ ನೆರವಾಗುವುದು ಪಕ್ಕೆಲುಬಿನಲ್ಲಿ. ಸಾಮಾನ್ಯವಾಗಿ ಮನುಷ್ಯನಿಗೆ 12 ಜೊತೆ, ಆಡು, ದನ, ನಾಯಿಗಳಿಗೆ 13, ಹಂದಿಗೆ 14 ಅಥವಾ 15, ಕುದುರೆಗೆ 18. ಆದರೆ ಹೊಲದಲ್ಲಿ ಪೂರ್ತಿ ಜೊತೆ ಸಿಗುವುದೇ ಅಪರೂಪವಾದ್ದರಿಂದ ಬಾಗನ್ನು ನೋಡಿ. ಮನುಷ್ಯನ ಎದೆಗೂಡು ಅಗಲವಾಗಿ ಚಪ್ಪಟೆ, ಹಾಗಾಗಿ ಪಕ್ಕೆಲುಬು ಬಲವಾಗಿ ಬಾಗಿ ತಿರುಚಿರುತ್ತದೆ. ದನದ ಎದೆಗೂಡು ಎರಡು ಬದಿಯಿಂದ ಒತ್ತಿದಂತಿದ್ದು, ಪಕ್ಕೆಲುಬು ಅಗಲವಾಗಿ, ಕಡಿಮೆ ಬಾಗಿ, ಪಟ್ಟಿಯಂತಿರುತ್ತದೆ.

ಮನುಷ್ಯನ ಕುತ್ತಿಗೆಯ ಮಣಿಗಳಲ್ಲಿ ಹಿಂದಿನ ಮುಳ್ಳು ಚಿಕ್ಕದಾಗಿದ್ದು ತುದಿ ಸೀಳಿರುತ್ತದೆ. ಸೀಳು ಕಂಡ ಮಾತ್ರಕ್ಕೆ ತೀರ್ಮಾನಿಸಬೇಡಿ. ಇಣಿ (ಹೆಗಲ ಮೇಲಿನ ಡುಬ್ಬ) ಇರುವ ನಮ್ಮ ಜವಾರಿ ದನಗಳ ಎದೆಯ ಕೆಲವು ಮಣಿಗಳ ಮುಳ್ಳೂ ತುದಿಯಲ್ಲಿ ಸೀಳಿರುತ್ತದೆ, ಆದರೆ ಆ ಮುಳ್ಳು ಬಹಳ ಉದ್ದ. ದನ ಕುದುರೆಗಳ ಕುತ್ತಿಗೆಯ ಮಣಿಯ ಮುಂಮೈ ಚೆಂಡಿನಂತೆ ಉಬ್ಬಿ, ಹಿಂಮೈ ಬಟ್ಟಲಿನಂತೆ ತಗ್ಗಾಗಿರುತ್ತದೆ. ನಮ್ಮ ಮಣಿಗಳು ಬಿಲ್ಲೆಯಂತೆ ಚಪ್ಪಟೆ. ಸೊಂಟದ ಎಲುಬಿನಲ್ಲಿ ಗೊಂದಲಕ್ಕೆ ಎಡೆಯಿಲ್ಲ: ಮನುಷ್ಯನದು ಮೋಟಾಗಿ ಅಗಲವಾದ ಬೋಗುಣಿ, ನಾಲ್ಕು ಕಾಲಿನವುಗಳದು ಉದ್ದನೆಯ ಕಿರಿದಾದ ಚೌಕಟ್ಟು.

ಹಂತ 9: ಮೋಸಗೊಳಿಸುವ ನೆಂಟರನ್ನು ಬೇರ್ಪಡಿಸಿ

ಇಲ್ಲಿಯವರೆಗೆ ಮನುಷ್ಯನ ಕಡೆ ವಾಲಿದ್ದರೆ ಕಡೆಯದಾಗಿ ಮಂಗ ಮತ್ತು ಮುಸುವಗಳನ್ನು ನೆನೆಯಿರಿ. ಧಾರವಾಡದ ಮರಗಳಲ್ಲಿ ಅವು ಹೇರಳವಾಗಿವೆ, ವಿದ್ಯುತ್ ತಂತಿ ತಗುಲಿ ಸಾಯುವುದೂ ಉಂಟು, ಸತ್ತರೆ ಜನ ಭಕ್ತಿಯಿಂದ ಹೂಳುತ್ತಾರೆ. ಅವಕ್ಕೂ ಕೊರಳೆಲುಬು ಇದೆ, ಬಿಡಿಯಾದ ರೇಡಿಯಸ್ ಅಲ್ನಾಗಳಿವೆ, ಹಲ್ಲಿನ ಎಣಿಕೆ ನಮ್ಮದೇ. ವ್ಯತ್ಯಾಸ ನಾಲ್ಕು ಕಡೆ: ಕೋರೆಹಲ್ಲು ಸಾಲಿನಿಂದ ಹೊರಚಾಚಿರುತ್ತದೆ, ಗದ್ದವಿಲ್ಲ, ಉದ್ದ ಬಾಲದ ಮಣಿಗಳಿವೆ. ಪಾದದ ಹೆಬ್ಬೆರಳು ಕೊಂಬೆ ಹಿಡಿಯಲು ಪಕ್ಕಕ್ಕೆ ತೆರೆದಿರುತ್ತದೆ. ಬಲಿತ ಮಂಗನ ಚಿಕ್ಕ ಎಲುಬಿನ ತುದಿಗಳು ಬೆಸೆದಿರುವುದರಿಂದ ಐದನೆಯ ಹಂತವೇ ಇಲ್ಲಿ ನಿಮ್ಮನ್ನು ಕಾಪಾಡುತ್ತದೆ.

ಕರಡಿಯ ಪಾದ ಚರ್ಮ ಮತ್ತು ಉಗುರು ಹೋದ ಮೇಲೆ ಮನುಷ್ಯನ ಪಾದವನ್ನೇ ಹೋಲುತ್ತದೆ. ಕರಡಿಧಾಮವಿರುವ ಬಳ್ಳಾರಿ ಕಡೆಯ ದರೋಜಿಯಿಂದ ಬಂದವರು ಈ ಪ್ರಶ್ನೆ ಕೇಳುತ್ತಾರೆ. ನಮ್ಮ ಪಾದದಲ್ಲಿ ಎಲ್ಲಕ್ಕಿಂತ ದಪ್ಪನೆಯ ಎಲುಬು ಒಳಬದಿಯ ಹೆಬ್ಬೆರಳಿನದು, ಕರಡಿಯಲ್ಲಿ ಹೊರಬದಿಯ ಐದನೆಯ ಬೆರಳಿನದು.

ಹಕ್ಕಿಯ ಎಲುಬು ತೆಳು, ಹಗುರ, ಒಳಗೆ ಪೊಳ್ಳು. ಕೋಳಿ ತಿಂದವರಿಗೆ ವಿವರಿಸಬೇಕಾಗಿಲ್ಲ. ಎರಡು ಕೊರಳೆಲುಬುಗಳು ಸೇರಿ ಕವೆಯಾಗಿರುತ್ತವೆ.

ಹಂತ 10: ತುದಿಯಿಲ್ಲದ ತುಂಡು ಸಿಕ್ಕಾಗ

ಅಡ್ಡಕ್ಕೆ ಮುರಿದ ಅಂಚಿನಲ್ಲಿ ಗಟ್ಟಿ ಗೋಡೆಯ ದಪ್ಪವನ್ನೂ ಎಲುಬಿನ ಒಟ್ಟು ಅಡ್ಡಳತೆಯನ್ನೂ ಅಳೆಯಿರಿ. ಸ್ಥೂಲವಾಗಿ ಹೇಳುವುದಾದರೆ, ಮನುಷ್ಯನಲ್ಲಿ ಗೋಡೆ ಅಡ್ಡಳತೆಯ ನಾಲ್ಕನೇ ಒಂದು ಭಾಗ, ದನ ಆಡುಗಳಲ್ಲಿ ಮೂರನೇ ಒಂದು ಭಾಗ. ಇದು ಸುಳಿವು ಮಾತ್ರ, ಸಾಕ್ಷಿಯಲ್ಲ. ಸೂಕ್ಷ್ಮದರ್ಶಕದಲ್ಲಿ ದೊಡ್ಡ ಪ್ರಾಣಿಗಳ ಎಲುಬು ಇಟ್ಟಿಗೆ ಕಟ್ಟಿದಂತೆ ಸಾಲಾಗಿ, ಮನುಷ್ಯನದು ಚದುರಿದ ಉಂಗುರಗಳಂತೆ ಕಾಣುವುದುಂಟು. ಆದರೆ ಆ ತೆಳು ಚೂರು ಕೊಯ್ಯುವುದು ಮನೆಯ ಕೆಲಸವಲ್ಲ.

ಹಂತ 11: ಬರೆದಿಡಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿ

ಪ್ರತಿ ಎಲುಬಿಗೂ ನಾಲ್ಕು ಸಾಲು ಬರೆಯಿರಿ: ಎಲ್ಲಿ ಸಿಕ್ಕಿತು, ಯಾವ ಎಲುಬು, ತುದಿ ಬೆಸೆದಿದೆಯೇ, ಯಾವ ಗುರುತುಗಳಿಂದ ಈ ತೀರ್ಮಾನಕ್ಕೆ ಬಂದಿರಿ. ಒಂದೇ ಗುರುತಿನ ಮೇಲೆ ತೀರ್ಮಾನಿಸಬಾರದು, ಕನಿಷ್ಠ ಎರಡು ಬೇರೆ ಭಾಗದ ಗುರುತುಗಳು ಒಪ್ಪಬೇಕು.

ಪ್ರಾಣಿಯ ಗುಂಪನ್ನು ಹೇಳಿದರೆ ಸಾಕು, ಜಾತಿಯನ್ನು ಹೇಳಲು ಹೋಗಬೇಡಿ. ಆಡು ಮತ್ತು ಕುರಿಗಳ ಎಲುಬುಗಳನ್ನು ಬೇರ್ಪಡಿಸಲು ಪಳಗಿದವರೂ ತಿಣುಕುತ್ತಾರೆ. ‘ಆಡು ಅಥವಾ ಕುರಿ’ ಎಂದು ಬರೆಯುವುದರಲ್ಲಿ ಅವಮಾನವಿಲ್ಲ. ಕುದುರೆ ಕುಲದಲ್ಲಿ ಇದು ಇನ್ನೂ ಕಷ್ಟ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಎಲುಬುಗಳಲ್ಲಿ ಕುದುರೆಯವೂ ಇವೆಯೆಂದು ಕೆ. ಆರ್. ಆಲೂರ ಅವರು ಗುರುತಿಸಿದ ಮೇಲೆ, ಅವು ಕುದುರೆಯವೇ ಹೌದೇ ಎಂಬ ವಾದ ವಿದ್ವಾಂಸರ ನಡುವೆ ದಶಕಗಳ ಕಾಲ ನಡೆಯಿತು.

ಎಲ್ಲ ಹಂತ ಮುಗಿದರೂ ಅನುಮಾನ ಉಳಿದರೆ, ಪ್ರಾಣಿಯದೆಂದು ತೋರುವ ಎಲುಬನ್ನು ಊರಿನ ಪಶುವೈದ್ಯರಿಗೆ ತೋರಿಸಿ, ಅಥವಾ ಗದಗದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಅಂಗರಚನಾ ವಿಭಾಗದವರನ್ನು ಕೇಳಿ. ಒಯ್ಯುವಾಗ ಎಲುಬನ್ನು ತೊಳೆಯಬೇಡಿ, ಅಂಟಿಕೊಂಡ ಮಣ್ಣನ್ನು ಬ್ರಷ್‌ನಿಂದ ಮಾತ್ರ ಉದುರಿಸಿ, ಮುರಿದ ತುಂಡುಗಳನ್ನು ಫೆವಿಕಾಲ್ ಹಚ್ಚಿ ಜೋಡಿಸಬೇಡಿ. ಚೀಲದ ತಳದ ಪುಡಿಯನ್ನೂ ಬೇರೆ ಪೊಟ್ಟಣದಲ್ಲಿ ಕಟ್ಟಿ ಜೊತೆಗೇ ಕೊಡಿ.